ಅಮ್ಮನ ಹಲ್ಲಿನ ಸೆಟ್ಟು, ಬಾಯಿಯ ಫಂಗಸ್: ಔಷಧಿ ಬಿಟ್ಟರೆ ಮತ್ತೆ ಬರ್ತದೆ, ಎಂತ ಮಾಡುವುದು?

ಮಲ್ಪೆಯ ಮಗಳು

ಅಮ್ಮನಿಗೆ 71 ವರ್ಷ. ಶುಗರ್ ಉಂಟು. ಮೇಲಿನ ಸಾಲಿಗೆ ಪೂರ್ತಿ ಹಲ್ಲಿನ ಸೆಟ್ಟು, ಕೆಳಗೆ ಕಂಬಿ ಇರುವ ಅರ್ಧ ಸೆಟ್ಟು, ಹಾಕಿಸಿ ಆರು ವರ್ಷ ಆಯ್ತು. ಈ ಮಳೆಗಾಲ ಶುರುವಾದ ಮೇಲೆ ಮೂರು ಸಲ ಬಾಯಿಗೆ ಫಂಗಸ್ ಆಗಿದೆ. ಬಿಳಿ ಪದರ ಜಾಸ್ತಿ ಇಲ್ಲ. ಆದರೆ ಸೆಟ್ಟು ತೆಗೆಸಿ ಟಾರ್ಚ್ ಹಾಕಿ ನೋಡಿದರೆ ಅಂಗುಳ ಕೆಂಪಗಾಗಿದೆ, ಸರಿಯಾಗಿ ಸೆಟ್ಟು ಕೂರುವಷ್ಟೇ ಜಾಗ, ಗೆರೆ ಎಳೆದ ಹಾಗೆ. ಬಾಯಿಯ ಎರಡೂ ಮೂಲೆ ಒಡೆದಿದೆ. ಮಾವಿನ ಮಿಡಿ ಇಲ್ಲದೆ ಗಂಜಿ ಉಣ್ಣದವರು ಈಗ ಉಪ್ಪಿನಕಾಯಿ ಭರಣಿ ಕಂಡರೆ ಮುಖ ತಿರುಗಿಸ್ತಾರೆ.

ಮೊದಲ ಸಲ ಡಾಕ್ಟರು ಕ್ಲೊಟ್ರಿಮಜೋಲ್ ಹನಿ ಎರಡು ವಾರಕ್ಕೆ ಬರೆದುಕೊಟ್ಟಿದ್ದರು. ಐದು ದಿನಕ್ಕೆ ಉರಿ ಕಡಿಮೆ ಆಯ್ತು ಅಂತ ನಾವೇ ನಿಲ್ಲಿಸಿದೆವು. ಎರಡನೇ ಸಲ ಅದೇ ಬಾಟಲಿ ಮೆಡಿಕಲಿನಿಂದ ತಂದೆವು. ಮೂರನೇ ಸಲ ಯಾರೋ ಹೇಳಿದರು ಅಂತ ಫ್ಲುಕೊನಜೋಲ್ 150 ಮಾತ್ರೆ, ಚೀಟಿ ಇಲ್ಲದೆ, ದಿನಕ್ಕೊಂದರ ಹಾಗೆ ಕೊಟ್ಟೆ. ಎರಡನೇ ದಿನ ಮಧ್ಯಾಹ್ನ ಅಮ್ಮ ಬೆವತು ನಡುಗಲು ಶುರು ಮಾಡಿದರು. ಚುಚ್ಚಿ ನೋಡಿದರೆ ಶುಗರ್ 58. ಬೆಲ್ಲದ ನೀರು ಕುಡಿಸಿದ ಮೇಲೆ ಸುಧಾರಿಸಿದರು. ಶುಗರಿಗೆ ಗ್ಲಿಮೆಪಿರೈಡ್ ತಗೊಳ್ತಾರೆ.

ಈ ಫಂಗಸ್ಸಿಗೆ ಔಷಧಿ ಒಗ್ಗಿ ಹೋಯ್ತಾ? ಇನ್ನೂ ಜೋರಿನ ಮಾತ್ರೆ ಬೇಕಾ?

ಲ್ಯಾಬಿನವ, ಕೊಡಿಯಾಲಬೈಲು

ಮೊದಲು ಆ 58ರ ವಿಷಯ, ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. ಗ್ಲಿಮೆಪಿರೈಡನ್ನು ಒಡೆದು ಹೊರಗೆ ಹಾಕುವ ಕಿಣ್ವ ಪಿತ್ತಜನಕಾಂಗದಲ್ಲಿ ಉಂಟು, ಫ್ಲುಕೊನಜೋಲ್ ಅದನ್ನೇ ತಡೆಯುತ್ತದೆ. ಆಗ ಶುಗರಿನ ಮಾತ್ರೆ ಒಂದೇ ತಗೊಂಡರೂ ರಕ್ತದಲ್ಲಿ ಜಾಸ್ತಿ ನಿಲ್ಲುತ್ತದೆ, ಶುಗರ್ ಇಳಿಯುತ್ತದೆ. ರಕ್ತ ತೆಳು ಮಾಡುವ ವಾರ್ಫರಿನ್ ತಗೊಳ್ಳುವವರಿಗೂ ಹೀಗೇ ಅಪಾಯ, ರಕ್ತಸ್ರಾವ ಆಗಬಹುದು. ಮೈಕೊನಜೋಲ್ ಅನ್ನುವ ಬಾಯಿಯ ಜೆಲ್ ಕೂಡ ವಾರ್ಫರಿನ್ ಜೊತೆ ಆಗದು. ದಯವಿಟ್ಟು ಆ ಮಾತ್ರೆ ಇನ್ನು ನೀವಾಗಿ ಕೊಡಬೇಡಿ, ನಡೆದದ್ದನ್ನು ಶುಗರಿನ ಡಾಕ್ಟರಿಗೆ ಇವತ್ತೇ ಹೇಳಿ.

ಈಗ ನಿಮ್ಮ ಪ್ರಶ್ನೆ. ಮೂರು ಸಲವೂ ಬಾಯಿಗೆ ಔಷಧಿ ಹಾಕಿದ್ದೀರಿ, ಸೆಟ್ಟಿಗೆ ಎಂತ ಮಾಡಿದಿರಿ? ಕ್ಯಾಂಡಿಡಾ ಅನ್ನುವ ಈ ಯೀಸ್ಟ್ ತುಂಬ ಜನರ ಬಾಯಲ್ಲಿ ಸುಮ್ನೆ ಇರುತ್ತದೆ. ಪ್ಲಾಸ್ಟಿಕ್ ಸಿಕ್ಕಿದರೆ ಅಂಟಿಕೊಳ್ಳುತ್ತದೆ, ಉದ್ದ ಎಳೆಗಳನ್ನು ಬಿಡುತ್ತದೆ, ತನ್ನ ಸುತ್ತ ತಾನೇ ಲೋಳೆ ಕಟ್ಟಿಕೊಳ್ಳುತ್ತದೆ. ಬಯೋಫಿಲ್ಮ್ ಅಂದರೆ ಇದೇ. ಆಟಿ ತಿಂಗಳಲ್ಲಿ ನಮ್ಮ ಮುರಕಲ್ಲಿನ ಮೆಟ್ಟಿಲು ನೋಡಿ, ಪಾಚಿಯ ಮೇಲೆ ಎಷ್ಟು ಕೊಡ ನೀರು ಸುರಿದರೂ ಹೋಗುವುದಿಲ್ಲ, ಹಿಡಿಸೂಡಿಯಲ್ಲಿ ಗಸಗಸ ಉಜ್ಜಲೇಬೇಕು. ಸೆಟ್ಟಿನ ಒಳಬದಿಯಲ್ಲೂ ಅದೇ ಕತೆ. ಲೋಳೆಯಲ್ಲಿರುವ ಗ್ಲೂಕಾನ್ ಅನ್ನುವ ವಸ್ತು ಔಷಧಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಒಳಗಿನ ಜೀವಕೋಶಗಳವರೆಗೆ ಬಿಡುವುದಿಲ್ಲ. ಒಳಗೆ ಹೋದದ್ದನ್ನೂ ಕೋಶಗಳು ಪಂಪ್ ಇಟ್ಟ ಹಾಗೆ ಹೊರಗೆ ತಳ್ಳುತ್ತವೆ. ಕೆಲವು ಕೋಶಗಳು ಬೆಳೆಯುವುದನ್ನೇ ನಿಲ್ಲಿಸಿ ಮಲಗಿರುತ್ತವೆ, ಔಷಧಿಯ ಕಾಟ ಮುಗಿದ ಮೇಲೆ ಏಳುತ್ತವೆ. ನೀವು ಅಂಗುಳ ವಾಸಿ ಮಾಡಿ, ಅದೇ ಸೆಟ್ಟನ್ನು ಪುನಃ ಅದರ ಮೇಲೆ ಕೂರಿಸಿದ್ದೀರಿ.

ಹಾಗಂತ ನಿಜವಾದ ಪ್ರತಿರೋಧ ಇಲ್ಲವೇ ಇಲ್ಲ ಅಂತಲ್ಲ. ಫ್ಲುಕೊನಜೋಲ್ ಹೊಡೆಯುವ ಕಿಣ್ವವನ್ನೇ ಬದಲಾಯಿಸಿಕೊಂಡ ಯೀಸ್ಟ್ ಉಂಟು. ಕ್ಯಾಂಡಿಡಾ ಕ್ರೂಸಿ ಅನ್ನುವ ಜಾತಿಗೆ ಹುಟ್ಟಿನಿಂದಲೇ ಫ್ಲುಕೊನಜೋಲ್ ನಾಟುವುದಿಲ್ಲ, ಗ್ಲಾಬ್ರಾಟಾ ಅನ್ನುವ ಇನ್ನೊಂದು ಜಾತಿಗೆ ಕಮ್ಮಿ ನಾಟುತ್ತದೆ. ಅರ್ಧ ಕೋರ್ಸು, ಮತ್ತೆ ಮತ್ತೆ ಅದೇ ಗುಂಪಿನ ಔಷಧಿ, ಇದೆಲ್ಲ ಅಂಥವುಗಳಿಗೆ ದಾರಿ ಮಾಡಿಕೊಡುತ್ತದೆ. ಅದಕ್ಕೆ ಡಾಕ್ಟರ ಹತ್ತಿರ ಕೇಳಿ ಸ್ವಾಬ್ ಕಲ್ಚರ್ ಮಾಡಿಸಿ, ಅಂದರೆ ಹತ್ತಿ ಕಡ್ಡಿಯಲ್ಲಿ ಉಜ್ಜಿ ತೆಗೆದದ್ದನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವುದು. ಸ್ವಾಬನ್ನು ಅಂಗುಳದಿಂದಲೂ ಸೆಟ್ಟಿನ ಒಳಬದಿಯಿಂದಲೂ ತೆಗೆಯಬೇಕು. ಇನ್ನೊಂದು ಮಾತು, ಇದು ದಿನಾ ಬೆಂಚಿನ ಮುಂದೆ ನಿಲ್ಲುವವನ ಮಾತು. ನಾವು ಔಷಧಿ ನಾಟುತ್ತದಾ ಅಂತ ನೋಡುವುದು ದ್ರವದಲ್ಲಿ ಬಿಡಿಬಿಡಿಯಾಗಿ ತೇಲುವ ಯೀಸ್ಟಿನ ಮೇಲೆ. ರಿಪೋರ್ಟಿನಲ್ಲಿ ನಾಟುತ್ತದೆ ಅಂತ ಬಂದರೂ ಪಾಚಿ ಕಟ್ಟಿದ ಸೆಟ್ಟಿನ ಮೇಲೆ ಅದೇ ಔಷಧಿ ಸೋಲಬಹುದು. ಜೋರಿನ ಮಾತ್ರೆ ಹುಡುಕುವುದಕ್ಕಿಂತ ಮೊದಲು ಸೆಟ್ಟು ಉಜ್ಜಿ.

ಕುಂದಾಪುರದ ಸೊಸೆ

ಅತ್ತೆಗೂ ಹೀಗೇ ಆಗಿತ್ತು ಮಾರಾಯ್ರೆ, ಒಂದು ವರ್ಷ ಒದ್ದಾಡಿದೆವು. ಅವರು ರಾತ್ರಿ ಸೆಟ್ಟು ತೆಗೆಯುತ್ತಲೇ ಇರಲಿಲ್ಲ, ಬೆಳಿಗ್ಗೆ ಎದ್ದಾಗ ಮೊಮ್ಮಕ್ಕಳು ಬೊಚ್ಚು ಬಾಯಿ ನೋಡ್ತಾರೆ ಅಂತ ನಾಚಿಕೆ. ಅದನ್ನು ಬಾಯಿ ಬಿಟ್ಟು ಹೇಳಿದ್ದೂ ಇಲ್ಲ, ಒಂದಿನ ನಾನೇ ರಾತ್ರಿ ಔಷಧಿ ಹಾಕಲು ಹೋಗಿ ಗೊತ್ತಾಯ್ತು. ಆಮೇಲೆ ಕೋಣೆಯಲ್ಲೇ ಮುಚ್ಚಳದ ಡಬ್ಬಿ ಇಟ್ಟುಕೊಟ್ಟೆ, ಬಾಗಿಲು ಹಾಕಿಕೊಂಡು ತೆಗೀತಾರೆ, ಹಾಕಿಕೊಂಡೇ ಹೊರಗೆ ಬರ್ತಾರೆ. ನಿಮ್ಮ ಅಮ್ಮನನ್ನೂ ಮೆಲ್ಲ ಕೇಳಿ ನೋಡಿ.

ತೊಳೆಯುವುದಕ್ಕೆ ಮೆತ್ತಗಿನ ಬ್ರಷ್, ಸಾಮಾನ್ಯ ಸೋಪು. ಟೂತ್‌ಪೇಸ್ಟ್ ಬೇಡ, ಗೀರು ಬೀಳುತ್ತದೆ, ಆ ಗೀರಿನಲ್ಲೇ ಫಂಗಸ್ ಕೂರುತ್ತದೆ. ಬಿಸಿ ನೀರೂ ಬೇಡ, ಸೆಟ್ಟು ಸೊಟ್ಟ ಆಗುತ್ತದೆ. ಕೆಳಗೆ ಬೇಸಿನ್‌ನಲ್ಲಿ ನೀರು ಇಟ್ಟುಕೊಂಡೇ ತೊಳೆಯಿರಿ, ಕೈ ಜಾರಿದರೆ ಒಡೆಯುವುದಿಲ್ಲ. ಆರು ವರ್ಷದ ಸೆಟ್ಟು ಸಡಿಲ ಆಗಿರಬಹುದು, ಅಲ್ಲಾಡಿ ಉಜ್ಜಿದ ಕಡೆಯೂ ಹುಣ್ಣಾಗುತ್ತದೆ, ಹಲ್ಲಿನ ಡಾಕ್ಟರಿಗೆ ಒಮ್ಮೆ ತೋರಿಸಿ.

ಸುರತ್ಕಲ್ಲಿನಿಂದ

ನನಗೆ ತೊಡೆ ಸಂದಿಯಲ್ಲಿ ಹುಳಕಡ್ಡಿ, ಎರಡು ವರ್ಷದಿಂದ ಹೋಗ್ತಾ ಇಲ್ಲ. ಟರ್ಬಿನಾಫಿನ್ ಎರಡು ಕೋರ್ಸು ಆಯ್ತು. ಇದೂ ಇದೇ ಪಾಚಿಯಾ?

ಲ್ಯಾಬಿನವ, ಕೊಡಿಯಾಲಬೈಲು

ಅಲ್ಲ ಅಣ್ಣ, ಅದು ಯೀಸ್ಟ್ ಅಲ್ಲ, ಚರ್ಮ ತಿನ್ನುವ ಬೇರೆ ಫಂಗಸ್. ಟ್ರೈಕೊಫೈಟನ್ ಇಂಡೊಟಿನಿಯೆ ಅಂತ 2020ರಲ್ಲಿ ಹೆಸರಿಟ್ಟ ಜಾತಿ ನಮ್ಮ ದೇಶದಲ್ಲಿ ಜಾಸ್ತಿ ಉಂಟು. ಅದರಲ್ಲಿ ಟರ್ಬಿನಾಫಿನ್ ಹೊಡೆಯುವ ಕಿಣ್ವದ ಜೀನೇ ಬದಲಾಗಿರುವುದು ತುಂಬ ಕಡೆ ಸಿಕ್ಕಿದೆ. ಸ್ಟೆರಾಯ್ಡ್ ಬೆರೆಸಿದ ಮುಲಾಮು ಹಚ್ಚುತ್ತಿದ್ದೀರಾ? ತುರಿಕೆ ಎರಡು ದಿನಕ್ಕೆ ನಿಲ್ಲುತ್ತದೆ, ಫಂಗಸ್ ಅಡಿಯಲ್ಲಿ ಹರಡುತ್ತದೆ. ಟ್ಯೂಬು ಹಿಡಿದುಕೊಂಡೇ ಚರ್ಮದ ಡಾಕ್ಟರ ಹತ್ತಿರ ಹೋಗಿ. ಮನೆಯಲ್ಲಿ ಬೇರೆ ಯಾರಿಗಾದರೂ ಇದ್ದರೆ ಒಟ್ಟಿಗೇ ಔಷಧಿ ಮಾಡಬೇಕು.

ಮಲ್ಪೆಯ ಮಗಳು

ಎಲ್ಲರಿಗೂ ಕೈ ಮುಗಿತೇನೆ. ಶುಗರಿನ ಡಾಕ್ಟರಿಗೆ ಫೋನ್ ಮಾಡಿದೆ, ಆ ಮಾತ್ರೆ ಬಂದ್. ನಾಳೆ ಹಲ್ಲಿನ ಡಾಕ್ಟರ ಹತ್ತಿರ ಹೋಗ್ತೇವೆ, ಸ್ವಾಬ್ ಕೇಳ್ತೇನೆ. ಅಮ್ಮ ಕೂಡ ಆರು ವರ್ಷದಿಂದ ಸೆಟ್ಟು ಹಾಕಿಕೊಂಡೇ ಮಲಗ್ತಿದ್ದರಂತೆ, ನನಗೆ ಗೊತ್ತೇ ಇರಲಿಲ್ಲ. ಈಗ ತೆಗೆಸಿ ಒಳಬದಿಗೆ ಬೆರಳು ಹಚ್ಚಿ ನೋಡಿದೆ. ಕಣ್ಣಿಗೆ ಎಂತದೂ ಕಾಣುವುದಿಲ್ಲ, ಆದರೆ ಬಸಳೆ ದಂಟು ಮುಟ್ಟಿದ ಹಾಗೆ ಜಾರುತ್ತದೆ. ಒಂದೇ ಸಂಶಯ, ಪಕ್ಕದ ಮನೆಯವರು ಬ್ಲೀಚ್ ನೀರಲ್ಲಿ ನೆನೆಸಿ ಅಂತಿದ್ದಾರೆ, ಎರಡೂ ಸೆಟ್ಟು ಹಾಕಬಹುದಾ?

ಲ್ಯಾಬಿನವ, ಕೊಡಿಯಾಲಬೈಲು

ಕೆಳಗಿನದನ್ನು ಖಂಡಿತ ಹಾಕಬೇಡಿ, ಬ್ಲೀಚಿಗೆ ಕಂಬಿ ಕಪ್ಪಾಗಿ ತಿಂದುಹೋಗುತ್ತದೆ. ಮೇಲಿನದಕ್ಕೆ ಎಷ್ಟು ತೆಳು ಮಾಡಬೇಕು, ಎಷ್ಟು ನಿಮಿಷ ಅಂತ ನಾಳೆ ಡಾಕ್ಟರನ್ನೇ ಕೇಳಿ. ಇವತ್ತು ರಾತ್ರಿಗೆ ಎರಡನ್ನೂ ಸೋಪು ಹಾಕಿ ಉಜ್ಜಿ, ಬಾಯಿಂದ ಹೊರಗೆ ತಣ್ಣೀರಲ್ಲಿ ಇಡಿ, ಸಾಕು.