ಕ್ಯಾಲಿಫೋರ್ನಿಯಾ ಡಿಎಂವಿ ಪರ್ಮಿಟ್ ಪರೀಕ್ಷೆ: ಊರಲ್ಲಿ ಕಾರು ಓಡಿಸಿದವರು ಎಲ್ಲಿ ಎಡವುತ್ತಾರೆ?

ತುಂಗಾತೀರ:
ಶಿವಮೊಗ್ಗದಿಂದ ಸನ್ನಿವೇಲ್‌ಗೆ ಬಂದಿರೋ ಅಕ್ಕನಿಗೆ ಮುಂದಿನ ವಾರ ಡಿಎಂವಿಯಲ್ಲಿ (ಇಲ್ಲಿನ ಆರ್‌ಟಿಒ) ಪರ್ಮಿಟ್ ಪರೀಕ್ಷೆ, ಅಂದ್ರೆ ನಮ್ಮ ಎಲ್‌ಎಲ್‌ಆರ್ ಥರದ್ದು. ಊರಿನ ಲೈಸೆನ್ಸ್ ಇದೆ, ಗಾಡಿ ಚೆನ್ನಾಗೇ ಓಡಿಸ್ತಾಳೆ. ಆದ್ರೆ ಮಾಕ್ ಟೆಸ್ಟಲ್ಲಿ 36ಕ್ಕೆ 27 ದಾಟ್ತಿಲ್ಲ. ಅಡಿ, ಮೈಲಿ ಲೆಕ್ಕ ಎಲ್ಲಾ ಕಲಸಿಹೋಗ್ತಿದೆ. ಇಳಿಜಾರಲ್ಲಿ ನಿಲ್ಲಿಸುವಾಗ ಚಕ್ರ ಯಾವ ಕಡೆ ತಿರುಗಿಸಬೇಕು ಅನ್ನೋದಂತೂ ಪ್ರತಿ ಸಲ ತಪ್ಪು. ಹೇಗೆ ಓದಿಸಲಿ?

ಬಲಪಥ:
18 ದಾಟಿದವರಿಗೆ 36ರಲ್ಲಿ 30 ಸರಿ ಇರಬೇಕು. ಒಂದು ಅರ್ಜಿಗೆ ಮೂರು ಅವಕಾಶ. ಮೊದಲು ಆ ಮಾಕ್ ಟೆಸ್ಟ್ ಕ್ಯಾಲಿಫೋರ್ನಿಯಾದ್ದೇನಾ ಅಂತ ನೋಡಿ. ಬೇರೆ ರಾಜ್ಯದ್ದಾದರೆ ಅಂಕಿಗಳೇ ಬೇರೆ ಇರುತ್ತವೆ. ಡಿಎಂವಿ ಉಚಿತವಾಗಿ ಕೊಡುವ ಕೈಪಿಡಿಯನ್ನು ಎರಡು ಸಲ ಪೂರ್ತಿ ಓದಲಿ, ಮಾಕ್ ಟೆಸ್ಟ್ ಆಮೇಲೆ.

ಚಕ್ರದ ವಿಷಯ ಬಾಯಿಪಾಠ ಮಾಡಿಸಬೇಡಿ. ಬ್ರೇಕ್ ಬಿಟ್ಟುಕೊಂಡರೆ ಕಾರು ಎಲ್ಲಿಗೆ ಉರುಳುತ್ತೆ ಅಂತ ಯೋಚಿಸಲಿ. ಕೆಳಮುಖವಾಗಿ ನಿಲ್ಲಿಸಿದರೆ ಚಕ್ರ ಕರ್ಬ್ (ರಸ್ತೆ ಅಂಚಿನ ಎತ್ತರದ ಕಲ್ಲುಕಟ್ಟೆ) ಕಡೆಗೆ, ಇಲ್ಲಿ ಗಾಡಿ ರಸ್ತೆಯ ಬಲಬದಿಯಲ್ಲಿ ಇರೋದರಿಂದ ಬಲಕ್ಕೆ: ಮುಂದೆ ಉರುಳಿದರೂ ಕರ್ಬ್ ತಡೆಯುತ್ತೆ. ಮೇಲ್ಮುಖವಾಗಿದ್ದು ಕರ್ಬ್ ಇದ್ದರೆ ಎಡಕ್ಕೆ: ಹಿಂದೆ ಜಾರಿದಾಗ ಮುಂದಿನ ಟೈರಿನ ಹಿಂಭಾಗ ಕರ್ಬ್‌ಗೆ ಒರಗಿ ನಿಲ್ಲುತ್ತೆ. ಕರ್ಬ್ ಇಲ್ಲದಿದ್ದರೆ ಏರಾಗಲಿ ಇಳಿಜಾರಾಗಲಿ ಬಲಕ್ಕೇ, ಕಾರು ರಸ್ತೆಗೆ ಬರದೆ ಅಂಚಿಗೆ ಹೋಗಲಿ ಅಂತ. ಆಟದ ಕಾರು ಒಂದು ಮೇಜಿನ ಮೇಲಿಟ್ಟು ತೋರಿಸಿ, ಐದು ನಿಮಿಷದಲ್ಲಿ ಕೂತುಬಿಡುತ್ತೆ.

ವೇಗದ ಮಿತಿಯನ್ನೂ ಹೀಗೇ ಕಾರಣದಿಂದ ನೆನಪಿಟ್ಟುಕೊಳ್ಳಲಿ. ಕಣ್ಣಿಗೆ ಕಾಣದ ಕಡೆ ಗಂಟೆಗೆ 15 ಮೈಲಿ: ಓಣಿ, ಸ್ಟಾಪ್ ಬೋರ್ಡ್ ಇಲ್ಲದೆ ಅಡ್ಡರಸ್ತೆ ಕಾಣದ ಕೂಡುರಸ್ತೆ, ಎರಡೂ ಕಡೆ 400 ಅಡಿ ಹಳಿ ಕಾಣದ ರೈಲ್ವೆ ಗೇಟಿನ ಹತ್ತಿರ. ಜನ ಓಡಾಡುವ ಕಡೆ 25: ಮನೆಗಳ ಬೀದಿ, ಅಂಗಡಿ ಬೀದಿ, ಮಕ್ಕಳಿರುವಾಗ ಶಾಲೆಯ ಸುತ್ತ. ಹೈಬೀಮ್ ಎದುರು ಗಾಡಿಗೆ 500 ಅಡಿ ಇರುವಾಗಲೇ ಇಳಿಸಬೇಕು, ಮುಂದೆ ಹೋಗ್ತಿರೋ ಗಾಡಿಗೆ 300 ಸಾಕು. ಎದುರಿನದು ಬೇಗ ಹತ್ತಿರ ಬರುತ್ತಲ್ಲ, ಅದಕ್ಕೇ ಹೆಚ್ಚು ದೂರ.

ಕಾವೇರಿಕೊಳ್ಳ:
ಓಡಿಸಲು ಬರುವವರೇ ಇದರಲ್ಲಿ ಹೆಚ್ಚು ತಪ್ಪು ಮಾಡೋದು, ಯಾಕಂದ್ರೆ ಊರಿನ ರೂಢಿಯಿಂದ ಉತ್ತರ ಕೊಡ್ತಾರೆ. ಕೆಂಪು ದೀಪ ಮಿನುಗುತ್ತಿದ್ದರೆ ಅದು ಸ್ಟಾಪ್ ಬೋರ್ಡಿಗೆ ಸಮ, ಚಕ್ರ ಪೂರ್ತಿ ನಿಲ್ಲಬೇಕು. ನಿಧಾನ ಮಾಡಿದರೆ ಸಾಲದು. ನಾಲ್ಕೂ ಕಡೆ ಸ್ಟಾಪ್ ಇದ್ದರೆ ಮೊದಲು ಬಂದವರು ಮೊದಲು, ಒಟ್ಟಿಗೆ ಬಂದರೆ ಬಲಗಡೆಯವರಿಗೆ ದಾರಿ. ಸಿಗ್ನಲ್ ಕೆಟ್ಟು ಪೂರ್ತಿ ಆರಿದ್ದರೂ ಇದೇ ನಿಯಮ. ಬಿಳಿ ಕೋಲು ಹಿಡಿದ ಅಂಧರು ದಾಟಲು ನಿಂತಿದ್ದರೆ ನಿಲ್ಲಲೇಬೇಕು, ಹಾರ್ನ್ ಹೊಡೆಯಬಾರದು, ಅವರಿಗೆ ಗಾಬರಿಯಾಗುತ್ತೆ.

ಶಾಲಾ ಬಸ್ಸಿನ ಕೆಂಪು ದೀಪ ಮಿನುಗಿದರೆ ಎದುರಿನಿಂದ ಬರುವವರೂ ನಿಲ್ಲಬೇಕು. ಮಧ್ಯೆ ಡಿವೈಡರ್ ಇದ್ದರೆ ಅಥವಾ ಎರಡೂ ದಿಕ್ಕಿಗೆ ಎರಡೆರಡು ಲೇನ್ ಇದ್ದರೆ ಆಚೆ ಬದಿಯವರಿಗೆ ವಿನಾಯಿತಿ. ಈ ವಿನಾಯಿತಿಯನ್ನೇ ತಿರುಗಿಸಿ ಕೇಳ್ತಾರೆ, ಪ್ರಶ್ನೆಯಲ್ಲಿ ಲೇನ್ ಎಷ್ಟು ಅಂತ ಎಣಿಸಲಿ.

ತುಂಗಾತೀರ:
ತುಂಬಾ ಥ್ಯಾಂಕ್ಸ್. ಕರ್ಬ್ ಬಣ್ಣಗಳನ್ನೂ ಹೇಳ್ತೀರಾ?

ಬಲಪಥ:
ಕೆಂಪು: ನಿಲ್ಲಲೇಬಾರದು. ಹಳದಿ: ಸಾಮಾನು ಅಥವಾ ಜನರನ್ನು ಹತ್ತಿಸಿ ಇಳಿಸೋದಕ್ಕೆ. ಬಿಳಿ: ಜನರನ್ನು ಹತ್ತಿಸಿ ಇಳಿಸುವಷ್ಟು ಹೊತ್ತು. ಹಸಿರು ಅಂದರೆ ಊರಿನವರು 'ಹೋಗಬಹುದು' ಅಂದುಕೊಳ್ತಾರೆ, ಇಲ್ಲಿ ಅದು ಬೋರ್ಡಲ್ಲಿ ಬರೆದಷ್ಟು ಹೊತ್ತು ಮಾತ್ರ ಪಾರ್ಕಿಂಗ್. ನೀಲಿ ಅಂಗವಿಕಲರ ಪರವಾನಗಿ ಇದ್ದವರಿಗೆ.

ಕಾವೇರಿಕೊಳ್ಳ:
ಬಣ್ಣ ಇಲ್ಲದ ಕಡೆಯೂ ಒಂದಿದೆ. 2025ರಿಂದ, ಗಾಡಿ ಬರುವ ದಿಕ್ಕಿನಲ್ಲಿ ಕ್ರಾಸ್‌ವಾಕ್‌ಗೆ (ಜನ ರಸ್ತೆ ದಾಟುವ ಜಾಗ) 20 ಅಡಿ ಒಳಗೆ ನಿಲ್ಲಿಸಿದರೆ ದಂಡ, ಕರ್ಬ್‌ಗೆ ಕೆಂಪು ಬಳಿದಿರದಿದ್ದರೂ ಸರಿ. ಹಳೇ ಪ್ರಶ್ನೆಪಟ್ಟಿಗಳಲ್ಲಿ ಇದು ಸಿಗಲ್ಲ, ಹೊಸ ಕೈಪಿಡಿಯನ್ನೇ ಇಟ್ಟುಕೊಳ್ಳಿ. ಪರೀಕ್ಷೆ ದಿನ ಕನ್ನಡಕ ಮರೆಯದಿರಲಿ, ಕಣ್ಣಿನ ಪರೀಕ್ಷೆಯೂ ಇರುತ್ತೆ.