ಸ್ಪಾನ್, ಫ್ರೈ, ಫಿಂಗರ್ಲಿಂಗ್: ಮೂರಕ್ಕೂ ‘ಮರಿ’ನೇನಾ?

ಎಲ್ರಿಗೂ ನಮಸ್ಕಾರ,

ಕನಕಪುರದ ಹತ್ರ ನಮ್ಮ ಮಾವ ಹೋದ ಮಳೆಗಾಲದಲ್ಲಿ ಕೃಷಿ ಹೊಂಡಕ್ಕೆ ಕಾಟ್ಲಾ, ರೋಹು ಮೀನಿನ ಮರಿ ಬಿಟ್ರು. ಫೋನಲ್ಲಿ ಮಾರೋನು ‘ಮರಿ’ ಅಂದ, ಇವ್ರು ಬೆರಳುದ್ದದ್ದು ಅಂದ್ಕೊಂಡು ದುಡ್ಡು ಹಾಕ್ಬಿಟ್ರು, ಚೀಲ ಬಂದಾಗ ನೋಡಿದ್ರೆ ಸ್ಪಾನ್, ಅಂದ್ರೆ ಮೊಟ್ಟೆಯೊಡೆದು ಮೂರು ದಿನ ಆಗಿರೋ 6-8 ಮಿಲಿಮೀಟರಿನ ಎಳೆಗಳು. ‘ಬೆಳೀತವೆ ಬಿಡಿ’ ಅಂದನಂತೆ, ಬಿಟ್ರು. ಮೂರು ತಿಂಗಳಾದ್ಮೇಲೆ ಬಲೆ ಎಳೆದ್ರೆ ಸಾರಿಗೂ ಸಾಲಲಿಲ್ಲ, ಎಲ್ಲಾ ನೀರುಹುಳದ ಪಾಲು.

ಈಗ ಮಾವನಂಥೋರಿಗೆ ಒಂದು ಪುಟದ ಮಾಹಿತಿ ಬರೀತಿದೀನಿ, ಮರಿಯ ಒಂದೊಂದು ಹಂತಕ್ಕೂ ಕನ್ನಡದಲ್ಲಿ ಏನನ್ಬೇಕು ಅಂತ ಮೊದಲ ಸಾಲಲ್ಲೇ ಸಿಕ್ಕಾಕ್ಕೊಂಡೆ. ಸ್ಪಾನ್ ಎರಡು ಮೂರು ವಾರಕ್ಕೆ 25 ಮಿ.ಮೀ. ಆದ್ರೆ ಫ್ರೈ, ಆಮೇಲೆ ಎರಡು ಮೂರು ತಿಂಗಳಿಗೆ 80-100 ಮಿ.ಮೀ. ಆದ್ರೆ ಫಿಂಗರ್ಲಿಂಗ್. ಆಫೀಸಿನ ಕನ್ನಡದಲ್ಲಿ ‘ಬಿತ್ತನೆ’, ‘ಬಲಿತ ಬಿತ್ತನೆ ಮರಿ’ ಅಂತಿರುತ್ತೆ. ನಮ್ಮ ಕಡೆ ರಾಗಿ ಬಿತ್ತಾರೆ, ಮೀನು ಬಿಡ್ತಾರೆ.

ಹೆಸರು ಬೇರೆ ಯಾಕೆ ಬೇಕು ಅಂದ್ರೆ ಆರೈಕೆನೇ ಬೇರೆ. ಸ್ಪಾನ್ ಬಿಡೋಕ್ಮುಂಚೆ ಸುಣ್ಣ, ಸಗಣಿ ಹಾಕಿ ಪ್ಲ್ಯಾಂಕ್ಟನ್, ಅಂದ್ರೆ ಮರಿ ತಿನ್ನೋ ನೀರಿನ ಸಣ್ಣ ಜೀವಿಗಳನ್ನ ಬರಿಸ್ಬೇಕು, ಸೋಪು ಎಣ್ಣೆ ಕಲಸಿ ಚೆಲ್ಲಿ ನೀರುಹುಳಕ್ಕೆ ಮೇಲೆ ಬಂದು ಉಸಿರಾಡೋಕೆ ಆಗದ ಹಾಗೆ ಮಾಡ್ಬೇಕು, ಕಡಲೆಕಾಯಿ ಹಿಂಡಿ, ಅಕ್ಕಿ ತೌಡು ನುಣ್ಣಗೆ ಪುಡಿ ಮಾಡಿ ಹಾಕ್ಬೇಕು. ಇಷ್ಟು ಮಾಡಿದ್ರೂ ಫ್ರೈ ಆಗೋಷ್ಟರಲ್ಲಿ ಅರ್ಧ ಉಳಿದ್ರೆ ಪುಣ್ಯ. ಫಿಂಗರ್ಲಿಂಗಾದ್ರೆ ಹುಳಕ್ಕೆ ಜಗ್ಗಲ್ಲ.

ರೇಷ್ಮೆಯೋರನ್ನ ನೋಡಿ, ಹುಳ ಎರಡನೇ ಜ್ವರ (ಮೇವು ಬಿಟ್ಟು ಪೊರೆ ಕಳಚೋದು) ಏಳೋವರೆಗೆ ‘ಚಾಕಿ’, ಗೂಡು ಕಟ್ಟೋಕೆ ಬಂದ್ರೆ ‘ಹಣ್ಣಾದ ಹುಳ’. ಚಾಕಿ ಸಾಕಿ ಕೊಡೋರೇ ಬೇರೆ, ಅದನ್ನ ತಗೊಂಡು ಮೇಯಿಸೋರೇ ಬೇರೆ. ಹೆಸರಿತ್ತು ಅಂತ ಕಸುಬು ಬೇರೆ ಆಯ್ತೋ, ಕಸುಬು ಬೇರೆಯಾಗಿ ಹೆಸರು ನಿಂತ್ಕೊಳ್ತೋ, ಅದು ಇನ್ನೊಂದ್ ಥ್ರೆಡ್ಡಿಗಾಯ್ತು.

ನಾನು ಸದ್ಯಕ್ಕೆ ಹೀಗೆ ಇಟ್ಕೊಂಡಿದೀನಿ: ಸ್ಪಾನ್‌ಗೆ ‘ಎಳೆಮರಿ’, ಫಿಂಗರ್ಲಿಂಗಿಗೆ ‘ಬೆರಳುಮರಿ’, ಸ್ಪಾನ್ ಸಾಕೋ ನರ್ಸರಿ ಹೊಂಡಕ್ಕೆ ಸಸಿಮಡಿ ಥರ ‘ಮರಿಮಡಿ’. ನಡುವಿನ ಫ್ರೈಗೆ ಏನೂ ಹೊಳೀತಿಲ್ಲ, ‘ಹುರಿದದ್ದು’ ಅಂತ ಮಾತ್ರ ಹೇಳ್ಬೇಡಿ.

ಇನ್ನೊಂದು, ಮರಿ ಸಾಗಿಸೋಕ್ಮುಂಚೆ ಹಾಪಾದಲ್ಲಿ (ನೀರಲ್ಲಿ ಕಟ್ಟೋ ಬಲೆಬಟ್ಟೆಯ ತೊಟ್ಟಿ) ಮೇವಿಲ್ಲದೆ ಇಟ್ಟು ಹೊಟ್ಟೆ ಖಾಲಿ ಮಾಡಿಸ್ತಾರಲ್ಲ ಕಂಡೀಷನಿಂಗು, ಚೀಲದ ನೀರು ಕೆಡಬಾರ್ದು ಅಂತ, ಅದಕ್ಕೆ ಮಾವ ‘ಉಪವಾಸ ಕೆಡವೋದು’ ಅಂತಾರೆ. ತಂದ ಚೀಲನ ಹೊಂಡದಲ್ಲಿ ತೇಲಿಬಿಟ್ಟು ಬಿಸಿ ತಂಪು ಸಮ ಆಗೋವರೆಗೆ ಕಾಯೋದಕ್ಕೆ ‘ನೀರು ರೂಢಿ ಮಾಡ್ಸೋದು’. ನಂಗಿವೆರಡೂ ‘ಒಗ್ಗಿಸುವಿಕೆ’ಗಿಂತ ಇಷ್ಟ ಆದ್ವು. ಬಿಆರ್‌ಪಿ (ಭದ್ರಾ ಡ್ಯಾಮ್), ತುಂಗಭದ್ರಾ ಡ್ಯಾಮ್ ಕಡೆ ಮರಿ ಸಾಕೋ ಕೊಳಗಳಲ್ಲಿ ಕೆಲಸ ಮಾಡೋರು ಏನಂತಾರೆ, ಕೇಳಿದೋರಿದ್ರೆ ಕೇಳಿದ ಹಾಗೇ ಬರೀರಿ, ತಿದ್ದಬೇಡಿ.