ಪದಚರ್ಚೆ: ‘ವ್ಯಂಗ್ಯಚಿತ್ರ’ದಲ್ಲಿರೋ ವ್ಯಂಗ್ಯ ಯಾವುದು?

ಎಲ್ಲರಿಗೂ ದಾವಣಗೆರೆಯಿಂದ ನಮಸ್ಕಾರ. ಮಿಲಿಟರಿ ಆಳ್ವಿಕೆಯಲ್ಲಿ ಪತ್ರಿಕೆ ಕಾರ್ಟೂನಿಸ್ಟರು ಹೆಂಗೆ ಕೆಲ್ಸ ಮಾಡಿದ್ರು ಅಂತ ನಮ್ಮ ಕಾಲೇಜಿನ ಸಂಚಿಕೆಗೆ ಒಂದು ಲೇಖನ ಬರೀತಿದೀನಿ, ಒಂದು ಪದದ ಹತ್ರ ಗಾಡಿ ನಿಂತ್ಬಿಟ್ಟಿದೆ. ಬಾಯಲ್ಲಿ ಎಲ್ರೂ ಕಾರ್ಟೂನು ಅಂತೀವಿ, ಅಚ್ಚಿಗೆ ಕೊಡುವಾಗ ಅದು ವ್ಯಂಗ್ಯಚಿತ್ರ ಆಗುತ್ತೆ. ಇದ್ರಲ್ಲಿ ವ್ಯಂಗ್ಯ ಅಂದ್ರೆ ಯಾವುದು? ನಮ್ಮ ಕಡೆ ‘ವ್ಯಂಗ್ಯ ಮಾಡ್ತೀಯೇನೋ’ ಅಂದ್ರೆ ಕುಹಕ, ಚುಚ್ಚುಮಾತು. ಆದ್ರೆ ಕಾವ್ಯಮೀಮಾಂಸೆಯ ವಾಚ್ಯ (ನೇರ ಅರ್ಥ), ಲಕ್ಷ್ಯ (ನೇರ ಅರ್ಥ ಹೊಂದದಾಗ ಹಿಡಿಯೋ ಅರ್ಥ), ವ್ಯಂಗ್ಯ ಅನ್ನೋ ಮೂರರಲ್ಲಿ ವ್ಯಂಗ್ಯ ಅಂದ್ರೆ ಬಾಯಿಬಿಟ್ಟು ಹೇಳದೆ ಹೊಳೆಯೋ ಅರ್ಥ ಅಷ್ಟೇ, ಚುಚ್ಚಲೇಬೇಕು ಅಂತೇನಿಲ್ಲ.

ತೊಡಕು ಬಂದಿದ್ದು ಚಿಲಿ ದೇಶದಿಂದ. 1984ರ ಸೆಪ್ಟೆಂಬರಲ್ಲಿ ಪಿನೋಚೆಯ ಮಿಲಿಟರಿ ಸರ್ಕಾರ ಅನಾಲಿಸಿಸ್, ಆಪ್ಸಿ, ಕೌಸೆ, ಫೋರ್ತಿನ್ ಮಾಪೋಚೊ ಅನ್ನೋ ನಾಲ್ಕು ವಿರೋಧಿ ಪತ್ರಿಕೆಗಳಿಗೆ ಇನ್ಮೇಲೆ ಬರೀ ಅಕ್ಷರ ಹಾಕಿ, ಫೋಟೋ ಚಿತ್ರ ಏನೂ ಬೇಡ ಅಂತ ಆಜ್ಞೆ ಹೊರಡಿಸ್ತು. ಆಗ ಅವ್ರು ಏನ್ಮಾಡಿದ್ರು ಅಂದ್ರೆ ಚಿತ್ರ ಬರೋ ಜಾಗದಲ್ಲಿ ಖಾಲಿ ಚೌಕ ಬಿಟ್ಟು ಕೆಳಗೆ ಶೀರ್ಷಿಕೆ ಮಾತ್ರ ಹಾಕಿದ್ರು, ಆಜ್ಞೆ ಅಕ್ಷರಶಃ ಪಾಲಿಸಿದ ಹಾಗೂ ಆಯ್ತು ಓದೋರಿಗೆ ಮುಟ್ಟೋದು ಮುಟ್ತು. ಅಲ್ಲಿ ಚಿತ್ರವೇ ಇಲ್ಲ, ಆದ್ರೆ ವ್ಯಂಗ್ಯ (ಶಾಸ್ತ್ರದ್ದು) ಪೂರ್ತಿ ಇದೆ. ಅದೇ ಆಪ್ಸಿ 1987ರಲ್ಲಿ ಪಿನೋಚೆಯನ್ನ ಫ್ರಾನ್ಸಿನ ನಿರಂಕುಶ ದೊರೆ 14ನೇ ಲೂಯಿ ಥರ ಬರೆಸಿದಾಗ ಅದು ನೇರ ಚುಚ್ಚು, ಸಂಚಿಕೆ ಮುಟ್ಟುಗೋಲಾಗಿ ಪತ್ರಿಕೆಯೋರು ಜೈಲಿಗೆ ಹೋದ್ರು. ಎರಡಕ್ಕೂ ಒಂದೇ ಪದ ಸಾಕಾ?

ಇದನ್ನ ಒಬ್ರು ನಿವೃತ್ತ ಸಂಸ್ಕೃತ ಮೇಷ್ಟ್ರಿಗೆ ಕೇಳಿದ್ರೆ ನಗೋಕೆ ಶುರು ಮಾಡಿದ್ರು. ಧ್ವನಿ ಸಿದ್ಧಾಂತದ ಹಳೇ ಸಂಸ್ಕೃತ ಮೀಮಾಂಸಕ ಆನಂದವರ್ಧನನ ಲೆಕ್ಕದಲ್ಲಿ ವ್ಯಂಗ್ಯಕ್ಕೆ ಜಾಗವೇ ಇಲ್ಲದ ಕಾವ್ಯಕ್ಕೆ ‘ಚಿತ್ರ’ ಅಂತಾರೆ ಕಣಯ್ಯಾ, ನಿಮ್ಮ ವ್ಯಂಗ್ಯಚಿತ್ರ ಶಾಸ್ತ್ರಕ್ಕೇ ವಿರೋಧ ಅಂದ್ರು! ಅಲ್ಲಿ ಚಿತ್ರ ಅನ್ನೋದಕ್ಕೆ ಅರ್ಥ ಬೇರೆ (ಬರೀ ಶಬ್ದ, ಅಲಂಕಾರದ ಚಮತ್ಕಾರ), ಗೊತ್ತು, ಆದ್ರೂ ಮಜಾ ಅನ್ನಿಸ್ತು.

‘ವಿಡಂಬನಾ ಚಿತ್ರ’ ಅಂತ ಹಾಕು ಅಂತ ಸಹೋದ್ಯೋಗಿ ಹೇಳ್ತಾರೆ. ವಿಡಂಬನೆಗೆ ಅಣಕಿಸೋಕೆ ಒಂದು ಮೂಲ ಬೇಕು, ಲೂಯಿ ವೇಷಕ್ಕೆ ಸರಿಹೋಗುತ್ತೆ, ಖಾಲಿ ಚೌಕಕ್ಕೆ ಹೆಂಗೆ? ನಗೆಚಿತ್ರ ಅಂದ್ರಂತೂ ಜೈಲಿಗೆ ಹೋದೋರಿಗೆ ಅವಮಾನ. ಚಿನಕುರಳಿ ಒಳ್ಳೇ ಪದ ಆದ್ರೆ ಅದು ಪ್ರಜಾವಾಣಿಯ ಕಾರ್ಟೂನಿನ ಹೆಸರೇ ಆಗ್ಬಿಟ್ಟಿದೆ.

ಮಾದರಿಗೆ ಅಂತ ನಮ್ಮ ಪುಟದಲ್ಲೂ ಒಂದು ಖಾಲಿ ಬಾಕ್ಸ್ ಬಿಡಿಸಿದ್ರೆ ಡಿಟಿಪಿ ಹುಡುಗ ‘ಸಾರ್, ಇಲ್ಲಿ ಫೋಟೋ ಬಿಟ್ಟೋಗೈತಿ, ವಾಟ್ಸಾಪ್ ಮಾಡ್ರಿ’ ಅಂದ. ಅವನು ಅಂದಿದ್ದೂ ಸರಿನೇ, ಸಂದರ್ಭ ಗೊತ್ತಿಲ್ದಿದ್ರೆ ವ್ಯಂಗ್ಯಾರ್ಥ ಹೊಳೆಯೋದೇ ಇಲ್ಲ ಅಂತ ಶಾಸ್ತ್ರದೋರೂ ಹೇಳಿದಾರೆ. ಪಾಕಿಸ್ತಾನದಲ್ಲಿ ಮಿಲಿಟರಿ ಆಡಳಿತಗಾರ ಜಿಯಾ ಕಾಲದ ಸೆನ್ಸಾರಿನೋರಿಗೆ ಮಾತ್ರ ಚೆನ್ನಾಗೇ ಹೊಳೀತು, ಕಿತ್ತ ಸುದ್ದಿಯ ಜಾಗ ಖಾಲಿ ಬಿಡೋದನ್ನೂ ನಿಷೇಧಿಸಿಬಿಟ್ರು. ಹಂಗಾಗಿ ನನ್ನ ಒಲವು ಹಳೇ ಅರ್ಥದ ಕಡೆಗೇ, ವ್ಯಂಗ್ಯಚಿತ್ರ ಅಂತಲೇ ಉಳಿಸ್ಕೊಂಡು ಒಂದು ಸಾಲು ವಿವರಣೆ ಕೊಡೋಣ ಅಂತ.

ಕೇಳೋದು ಎರಡೇ. 1942ರಿಂದ ಬಂದ ಹಾಸ್ಯಪತ್ರಿಕೆ ಕೊರವಂಜಿಯ ಹಳೇ ಸಂಚಿಕೆ ಯಾರ ಹತ್ರ ಆದ್ರೂ ಇದ್ರೆ ಅದ್ರಲ್ಲಿ ಕಾರ್ಟೂನಿಗೆ ಏನಂತ ಹಾಕ್ತಿದ್ರು ನೋಡಿ ಹೇಳ್ತೀರಾ? ಇನ್ನೊಂದು, ಸೆನ್ಸಾರ್ ಕಾಟಕ್ಕೆ ಬೇಕಂತಲೇ ಬಿಟ್ಟ ಖಾಲಿ ಜಾಗಕ್ಕೆ ಪತ್ರಿಕೆ ಕೆಲಸದೋರು ಬಳಸ್ತಿದ್ದ ಪದ ಏನಾದ್ರೂ ಇದ್ಯಾ, ತುರ್ತುಪರಿಸ್ಥಿತಿ ಟೈಮಲ್ಲಿ ಡೆಸ್ಕಲ್ಲಿ ಇದ್ದ ಹಿರಿಯರು ಇಲ್ಲಿದಾರೆ ಅನ್ಕೊಂಡಿದೀನಿ. ಸದ್ಯಕ್ಕೆ ‘ಬಿಟ್ಟ ಚೌಕ’ ಅಂತ ಬರ್ಕೊಂಡಿದೀನಿ, ಶುಕ್ರವಾರದೊಳಗೆ ಹೇಳಿದ್ರೆ ತಿದ್ದೋಕಾಗುತ್ತೆ.